ಕೊನೇ ಸಾಲಿನಲ್ಲಿ ಎತ್ತಿದ ಕೈ

ದಾಂಡೇಲಿ
೧೨ ಜೂನ್ ೨೦೨೫, ಗುರುವಾರ

ಪ್ರೀತಿಯ ಮಗಳು ಪೂರ್ಣಿಮಾಗೆ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಗಂಟಲು ಹೇಗಿದೆ? ಧಾರವಾಡದಿಂದ ಬರುವಾಗ ಬಸ್ಸಿನ ಕಿಟಕಿ ಮುಚ್ಚು ಎಂದರೆ ನೀನು ಮುಚ್ಚಲಿಲ್ಲ, ಹಸಿಗಾಳಿ ನೇರ ಕುತ್ತಿಗೆಗೆ ಬಡಿಯುತ್ತಿತ್ತು. ತೇರಗಾಂವದಲ್ಲಿ ನಿಮ್ಮತ್ತೆ ಈರಕ್ಕ ಹೊತ್ತುಹೊತ್ತಿಗೆ ಮಜ್ಜಿಗೆ ಕೊಡುತ್ತಾಳೆ, ಬೇಡ ಅನ್ನು. ಅವಳ ಮೊಣಕಾಲು ಹೇಗಿದೆ ಕೇಳಿದೆನೆಂದು ಹೇಳು. ನಾನು ಆರಾಮ. ಬಿಪಿ ಗುಳಿಗೆ ತಪ್ಪಿಸಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಮೊದಲ ಸಲ ಹಾಕಿದ್ದು ನೆನಪಿರಲಿಲ್ಲ, ಅದೊಂದು ಬಿಟ್ಟರೆ ಅಡಿಗೆ ನಡೆದಿದೆ. ನಿಮ್ಮವ್ವ ಇದ್ದಿದ್ದರೆ ಆ ಸಾರನ್ನು ನನಗೇ ಮೂರು ದಿನ ಬಡಿಸುತ್ತಿದ್ದಳು.

ನಿನ್ನ ಫೋನು ಬಂದ್ ಇದೆ. ಚಾಲೂ ಇದ್ದರೂ ನನ್ನ ಕಿವಿಗೆ ಏನು ಪ್ರಯೋಜನ? ಅದಕ್ಕೇ ಕಾಗದ. ಮೂವತ್ತೊಂದು ವರ್ಷ ಮಿಲ್ಲಿನಲ್ಲಿ ಕಾಗದ ಮಾಡಿದವನು ಮಗಳಿಗೆ ಒಂದು ಕಾಗದ ಬರೆಯಲು ಎರಡು ದಿನ ತೆಗೆದುಕೊಂಡೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಐ ಬೆಗ್ ಟು ಸ್ಟೇಟ್ ದಟ್, ಎಂದು ಬರೆದೆ. ಆಮೇಲೆ ಏನು ಸ್ಟೇಟ್ ಮಾಡಬೇಕೋ ಹೊಳೆಯಲಿಲ್ಲ. ಬಿ.ಎ. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವನ ಇಂಗ್ಲಿಷು ಇಷ್ಟೇ, ಬಾಗಿಲು ತೆರೆಯುತ್ತದೆ, ಒಳಗೆ ಮನೆ ಇರುವುದಿಲ್ಲ.

ಪೂರ್ಣಿಮಾ, ಈ ವಿಷಯ ನನಗೆ ಮೊದಲಿನಿಂದಲೂ ಪೂರ್ತಿ ತಿಳಿದೇ ಇಲ್ಲ. ಮಾರ್ಚಿನಲ್ಲಿ ನೀನು ರೊಟ್ಟಿ ಬಡಿಯುತ್ತಾ, “ಅಪ್ಪಾ, ಪುಣೆದಾಗ ಒಂದ್ ಕಾಲೇಜ್ ಐತಿ, ಮ್ಯೂಸಿಕಲ್ ಥಿಯೇಟರ್ ಕಲಸ್ತಾರ, ಹಾಡೂದು ಕುಣಿಯೂದು ಮಾತಾಡೂದು ಮೂರೂ ಒಮ್ಮೆಲೇ” ಎಂದಾಗ ನಾನು ನಕ್ಕಿದ್ದು ನಿಜ. “ಹಾಡಿ ಕುಣದ್ರ ಡಿಗ್ರಿ ಕೊಡ್ತಾರೇನವಾ?” ಎಂದೆ. “ಕಾಗದಾ ಮಾಡಿದ್ರ ನಿನಗ ಪಗಾರ ಕೊಡ್ತಿದ್ದಿಲ್ಲೇನು?” ಎಂದೆ ನೀನು. ಹನ್ನೆರಡು ಸೀಟಿಗೆ ಮುನ್ನೂರ ನಲವತ್ತು ಮಕ್ಕಳು ಎಂದು ತಿಳಿದಾಗ ನಾನು ಇನ್ನೂ ಒಂದು ಮಾತು ಅಂದೆ, ಬಿ.ಕಾಂ. ಫಾರ್ಮನ್ನೂ ತುಂಬಿಡು ಎಂದೆ. ಆ ದಿನ ನೀನು ಊಟ ಬಿಟ್ಟೆ. ಆದರೆ ಆಮೇಲೆ ನಾನು ಬೇಡ ಎಂದಿಲ್ಲ. ಅಂದಿದ್ದೇನೆಯೇ? ನೆನಪು ಮಾಡಿ ಹೇಳು.

ಈಗ ಆ ಭಾನುವಾರ ಪುಣೆಯವರು ಧಾರವಾಡಕ್ಕೆ ಬಂದು ನಡೆಸಿದ ಆಡಿಷನ್ನಿನ ಮಾತು. ನನ್ನ ಲೆಕ್ಕಕ್ಕೆ ಅಲ್ಲಿ ನಡೆದದ್ದು ಯಾವುದೂ ಪರೀಕ್ಷೆಯ ಹಾಗಿರಲಿಲ್ಲ. ಒಬ್ಬ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕುದುರೆಯಂತೆ ತುಟಿ ನಡುಗಿಸುತ್ತಿದ್ದಳು. ಒಬ್ಬ ಹುಡುಗ ಹೊಟ್ಟೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಅಂಗಾತ ಬಿದ್ದಿದ್ದ, ಪಾಪ ತಲೆ ತಿರುಗಿರಬೇಕೆಂದು ನೀರಿನ ಬಾಟಲಿ ಹಿಡಿದು ಓಡಿದೆ. ನೀನು ನನ್ನ ಅಂಗಿ ಹಿಡಿದು ಎಳೆದೆ: “ಅಪ್ಪಾ, ಅಂವಾ ಉಸರಾಟ ಸರಿ ಮಾಡ್ಕೋಳಾಕತ್ತಾನ, ನೀ ಸುಮ್ಕ ಕುಂದ್ರು.” ನಿನ್ನ ಎದೆಗೆ ೧೧೪ ಎಂಬ ಚೀಟಿ. ಹಾಡೆಂದರೆ ಹಾಡೂ ಅಲ್ಲ, ಅದರ ಒಂದು ತುಂಡು, ಒಂದು ನಿಮಿಷ. ಅದು ಮಾತ್ರ ನನಗೆ ತಿಳಿಯಿತು, ಕಾಲೇಜಿನಲ್ಲಿ ನಮಗೆ ಪ್ರೆಸಿ ರೈಟಿಂಗ್ ಎಂದು ಇರುತ್ತಿತ್ತು, ದೊಡ್ಡದನ್ನು ಮೂರನೇ ಒಂದು ಪಾಲು ಮಾಡಿ ಬರೆಯಬೇಕು, ಜೀವ ಹೋಗಬಾರದು. ನನಗೆ ಅದರಲ್ಲಿ ಯಾವಾಗಲೂ ಕಡಿಮೆ ಮಾರ್ಕು ಬರುತ್ತಿತ್ತು. ಈ ಪತ್ರ ಓದಿದರೆ ನಿನಗೇ ಗೊತ್ತಾಗುತ್ತದೆ.

ಪಾಲಕರು ಹೊರಗೆ ಎಂದರು. “ನಮ್ಮಪ್ಪಗ ಕಿವಿ ಕೇಳೂದಿಲ್ರೀ ಮ್ಯಾಡಮ್, ಹೊರಗ ಬಿಟ್ರ ಎಲ್ಲ್ಯಾರ ಹೊಂಟಬಿಡ್ತಾನ” ಎಂದು ನೀನು ಹೇಳಿದ್ದಕ್ಕೆ ಆಯಮ್ಮ ನಕ್ಕು ಕೊನೇ ಸಾಲಿನಲ್ಲಿ ಕೂರಿಸಿದರು. ಕಿವಿಯ ಮಷೀನು ನಿನ್ನ ಹಾಡಿನ ನಡುವೆ ಕುಂಯ್ ಎಂದೀತೆಂದು ತೆಗೆದು ಜೇಬಿಗೆ ಹಾಕಿದೆ. ಹಾಗಾಗಿ ನಿನ್ನ ದನಿ ಒಂದಕ್ಷರ ಕೇಳಲಿಲ್ಲ. ಆದರೆ ಅದು ಹಳೇ ಕಟ್ಟಡ, ನೆಲಕ್ಕೆಲ್ಲ ಸಾಗವಾನಿ ಹಲಗೆ. ನಾನು ಚಪ್ಪಲಿ ಬಿಟ್ಟಿದ್ದೆ. ಪಿಯಾನೋ ಶುರುವಾದದ್ದು ಅಂಗಾಲಿಗೆ ಬಂತು, ಆಮೇಲೆ ನಿನ್ನ ಹೆಜ್ಜೆ ಬಂತು, ಎರಡೂ ಕೂಡಿದವು. ಮಿಲ್ಲಿನಲ್ಲಿ ಮಷೀನು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ನಮಗೆ ಮೊದಲು ಹೇಳುತ್ತಿದ್ದದ್ದು ಅಂಗಾಲೇ. ಆ ಸದ್ದಿನಲ್ಲಿ ಬಾಯಿ ಮಾತು ಯಾರಿಗೆ ಕೇಳಬೇಕು? ಚಹಾಕ್ಕೆ, ಸಾಹೇಬರು ಬಂದರೆ, ಹಾಳೆ ಹರಿದರೆ, ಎಲ್ಲಕ್ಕೂ ಒಂದೊಂದು ಕೈಸನ್ನೆ. ಕಿವಿ ಹೋದ ಮೇಲೆ ಅವೇ ಸನ್ನೆ ಮನೆಗೂ ಬಂದವು. ನಾನು ಬೀಗರ ಮುಂದೆ ಮಾತು ಬೆಳೆಸಿದರೆ ನಿಮ್ಮವ್ವ ಗುರುಸಿದ್ದವ್ವ ಅಡಿಗೆಮನೆ ಬಾಗಿಲಲ್ಲಿ ನಿಂತು “ಹಾಳೆ ಹರೀತು” ಸನ್ನೆ ಮಾಡುತ್ತಿದ್ದಳು, ನಾನು ಅರ್ಧ ಮಾತಿಗೇ ಗಪ್ಪಾಗುತ್ತಿದ್ದೆ. ನೀನು ಮಾತು ಕಲಿಯುವ ಮೊದಲೇ ಆ ಸನ್ನೆ ಕಲಿತವಳು.

ಎಲ್ಲೋ ಹೋದೆ. ಹೇಳುವುದೇನೆಂದರೆ, ಒಂದು ಕಡೆಯೂ ತಡವರಿಸದೆ ಓಡುತ್ತಿತ್ತು, ಪೂರ್ಣಿಮಾ. ಅಂಗಾಲಿಂದ ಮೊಣಕಾಲಿಗೆ ಏರಿತು. ನನ್ನ ಮಗಳು ಇಷ್ಟು ದೊಡ್ಡವಳೇ ಎನಿಸಿ ಕಣ್ಣು ಮಂಜಾಯಿತು, ಕೂರಲಾಗಲಿಲ್ಲ. ಎದ್ದು ನಿಂತು, ಉಳವಿಯಲ್ಲಿ ಚನ್ನಬಸವಣ್ಣನ ಮುಂದೆ ಮಾಡುವಂತೆ ಎರಡೂ ಕೈ ತಲೆಯ ಮೇಲೆ ಜೋಡಿಸಿದೆ. ನಿಮ್ಮವ್ವನನ್ನು ನೆನೆದು ಕೈ ಬಿಡಿಸಿ ಇಳಿಸುವಷ್ಟರಲ್ಲಿ ನೀನು ನಿಂತುಬಿಟ್ಟಿದ್ದೆ. ಬಾಯಿ ಮುಚ್ಚಿತ್ತು. ಪಿಯಾನೋದವನು ಇನ್ನೂ ನಾಲ್ಕು ಸಲ ಬಾರಿಸಿ ನಿನ್ನ ಮುಖ ನೋಡಿದ. ನೀನು ಮುಂದೆ ಕೂತಿದ್ದ ಮೂವರು ಪರೀಕ್ಷಕರಿಗೆ ಕೈ ಮುಗಿದು ಇಳಿದು ಬಂದೆ.

ಯಾಕೆ? ಹನ್ನೊಂದು ದಿನದಿಂದ ಇದೊಂದೇ ನನ್ನ ತಲೆ ತಿನ್ನುತ್ತಿದೆ. ಹಾಡು ಮರೆತೆಯಾ, ಮನಸ್ಸು ಬದಲಾಯಿತಾ, ಆ ಮೂವರಲ್ಲಿ ಯಾರಾದರೂ ಮುಖ ಸಿಂಡರಿಸಿದರಾ? ಬಸ್ಸಿನಲ್ಲಿ ನಾನು, “ಅರ್ಧಕ್ಕ ಯಾಕ ಬಿಟ್ಟಿ? ಬಿಡೂದಿದ್ರ ಇಲ್ಲೀತನಾ ಯಾಕ ಬಂದಿ?” ಎಂದು ಸಿಟ್ಟಿನಿಂದ ಕೇಳಿದಾಗ ನೀನು ನನ್ನನ್ನು ಗುರುತೇ ಇಲ್ಲದವಳಂತೆ ನೋಡಿದೆ. ಮರುದಿನ ಚೀಲ ತೆಗೆದುಕೊಂಡು ಅತ್ತೆಯ ಊರಿಗೆ ಹೋದೆ. ಈರಕ್ಕ ಪಕ್ಕದ ಮನೆಯವರಿಂದ ಮೆಸೇಜು ಹಾಕಿಸಿದ್ದಾಳೆ: ಯಾಕೆಂದು ಕೇಳಿದರೆ “ಅಪ್ಪನ್ನ ಕೇಳ್ರಿ” ಎನ್ನುತ್ತೀಯಂತೆ. ಅಪ್ಪನಿಗೇನು ಗೊತ್ತು? ಅಪ್ಪನೇ ಎಲ್ಲರನ್ನೂ ಕೇಳುತ್ತಿದ್ದಾನೆ.

ಫಾರ್ಮಿನಲ್ಲಿ ಪಾಲಕರ ನಂಬರ್ ಎಂದು ನನ್ನದು ಕೊಟ್ಟಿದ್ದೆಯಲ್ಲ, ಮೊನ್ನೆ ಕಾಲೇಜಿನವರ ಮೆಸೇಜು ಬಂದಿದೆ. ಡಿಕ್ಷನರಿ ಇಟ್ಟುಕೊಂಡು ಎರಡು ಸಲ ಓದಿದೆ. ೧೧೪ನೇ ನಂಬರಿನ ಆಡಿಷನ್ ಅರ್ಧಕ್ಕೆ ನಿಂತಿದೆ, ಪೂರ್ತಿ ಮಾಡುವ ಮನಸ್ಸಿದ್ದರೆ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಹಾಲಿಗೆ ಬನ್ನಿ, ನಾಳೆ ಶುಕ್ರವಾರ ಸಂಜೆ ಆರರೊಳಗೆ ಉತ್ತರ ಕೊಡಿ, ಇಲ್ಲದಿದ್ದರೆ ಹೆಸರು ತೆಗೆಯುತ್ತೇವೆ ಎಂದಿದೆ. ಮನಸ್ಸಿದ್ದರೆ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಎಲ್ಲರೆದುರು ನೀನಾಗಿಯೇ ಬಿಟ್ಟು ಇಳಿದವಳನ್ನು ಮತ್ತೆ ಹತ್ತು ಎಂದು ದೂಡುವುದು ಅಪ್ಪನ ಕೆಲಸವೇ? ನಿಮ್ಮವ್ವನಾದರೆ ನಿನ್ನ ಮುಖ ನೋಡಿಯೇ ಹೇಳುತ್ತಿದ್ದಳು. ನನಗೆ ಬರೀ ಅಂಗಾಲಿನ ವಿದ್ಯೆ. ಅದಕ್ಕೇ, ದಿ ಅಂಡರ್‌ಸೈನ್ಡ್ ರಿಗ್ರೆಟ್ಸ್ ಟು ಇನ್‌ಫಾರ್ಮ್ ಎಂದು ಶುರು ಮಾಡಿ, ಮಗಳು ಬರುವುದಿಲ್ಲವೆಂದು ಅವರಿಗೆ ಒಂದು ಉತ್ತರ ಬರೆದಿಟ್ಟಿದ್ದೇನೆ. ಈ ಪತ್ರವನ್ನು ನಾಳೆ ಬೆಳಗಿನ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ನಿನ್ನಿಂದ ಏನೂ ಬರದಿದ್ದರೆ ಸಂಜೆ ಅದನ್ನೇ ಅವರಿಗೆ ಕಳಿಸುತ್ತೇನೆ. ನನಗೆ ಬೇಸರವಿಲ್ಲ. ಸ್ವಲ್ಪ ಇದೆ.

ಅತ್ತೆಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಳೆಯಲ್ಲಿ ಹೊಲದ ಕಡೆ ಹೋಗಬೇಡ. ನೀನು ಎಲ್ಲಿದ್ದರೂ ಚನ್ನಬಸವಣ್ಣ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅಪ್ಪ,
ಶಿವಲಿಂಗಪ್ಪ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನನ್ನ ಜೊತೆ ಅದೇ ಮಷೀನಿನ ಮೇಲಿದ್ದ ವಜೀರ ಈಗ ಚಹಾಕ್ಕೆ ಬಂದಿದ್ದ. ಮಗಳು ಯಾಕೆ ನಿಲ್ಲಿಸಿದಳು ಎಂದು ಅವನನ್ನೂ ಕೇಳಿದೆ. “ನೀ ಎಲ್ಲಿ ಕುಂತಿದ್ದಿ, ಏನ್ ಮಾಡಿದಿ, ಮಾಡಿ ತೋರಸು” ಎಂದ. ಎದ್ದು ಕೈ ತಲೆಯ ಮೇಲೆ ಜೋಡಿಸಿ ಬಿಡಿಸಿದೆ. ಅವನು ಬಾಯಿಗೆ ಹಿಡಿದ ಗ್ಲಾಸು ಟಪ್ಪನೆ ಕೆಳಗಿಟ್ಟು ಎದ್ದೇ ನಿಂತ, ಮಷೀನು ನಿಲ್ಲಿಸಲು ಕೈ ಇಲ್ಲದ ಸ್ವಿಚ್ಚಿನ ಕಡೆ ಹೋಗಿತ್ತು. ರಿಟೈರಾಗಿ ಆರು ವರ್ಷ! ಆಮೇಲೆ ನನ್ನ ಕಿವಿಗೆ ಬಾಯಿ ಇಟ್ಟು ಚೀರಿದ: “ಅರೇ ಭಾಯಿ, ಅದು ಹಾಳಿ ಹರೀತು ಅಂತ ಮಾಡೂ ಸನ್ನಿ ಅಲ್ಲೇನೋ! ನಿಲ್ಲಸ್ರೀ ಅಂತ ನೀನ ಹೇಳಿ, ಯಾಕ ನಿಂತಿ ಅಂತ ಆ ಹುಡುಗೀನ ಬೈತಿಯಲ್ಲೋ!”

ಜೋಡಿಸಿದ್ದು ಕೈಮುಗಿಯಲು, ಮಗಳೇ. ಬಿಡಿಸಿದ್ದು ಇಳಿಸಲು. ನಿನಗೆ ಕಂಡದ್ದು ಬೇರೆ. ಹಾಳೆ ಹರಿದಿರಲಿಲ್ಲ, ಇಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ರಿಗ್ರೆಟ್ಸ್ ಕಾಗದ ಒಲೆಗೆ ಹಾಕಿದೆ. ವಜೀರ ಹೊರಗೆ ಸ್ಕೂಟರ್ ಚಾಲೂ ಇಟ್ಟುಕೊಂಡು ನಿಂತಿದ್ದಾನೆ, ಈ ಪತ್ರದ ಜೊತೆ ನನ್ನ ಫೋನನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೆಸೇಜು ಮೇಲೆಯೇ ಇದೆ. ಉತ್ತರ ನೀನೇ ಹಾಕು, ಹೌದೋ ಅಲ್ಲವೋ. ಹೌದಾದರೆ ಭಾನುವಾರ ನಾನೂ ಬರುತ್ತೇನೆ. ಕೊನೇ ಸಾಲಿನಲ್ಲಿ, ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತೇನೆ. ಚಪ್ಪಲಿ ಮಾತ್ರ ಬಿಡುತ್ತೇನೆ, ಅಷ್ಟಕ್ಕೆ ಒಪ್ಪಿಗೆ ಕೊಡು.