ಹೊತ್ತಲ್ಲದ ಹೊತ್ತಲ್ಲಿ ಮಂಕಾದ ನಕ್ಷತ್ರ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದ, ಜೊತೆಗೊಂದಿಷ್ಟು ಬೈಗುಳ. ಎಷ್ಟು ದಿನವಾಯಿತೇ ನೀನು ಈ ಕಡೆ ತಲೆ ಹಾಕಿ!

ಫೋನಿನಲ್ಲೇ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಕಣ್ಣು ಹೋದರೂ ಕಿವಿ ಬಲು ಚುರುಕು. ಅದಕ್ಕೇ ಈ ಕಾಗದ.

ತಾರಸಿಯ ಮೇಲೆ ಅವರೇ ಜೋಡಿಸಿದ ಟೆಲಿಸ್ಕೋಪು ನೆನಪಿದೆಯಲ್ಲ? ಅದರಲ್ಲಿ ಅವರು ನೋಡುತ್ತಿದ್ದ ಜೋಡಿ ನಕ್ಷತ್ರವೂ? ನಮಗೆ ಕಾಣುವುದು ಒಂದೇ ಚುಕ್ಕಿ. ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಬೆಳಕು ಕುಗ್ಗುತ್ತದೆ, ಸರಿದಾಗ ಮತ್ತೆ ಏರುತ್ತದೆ. ಯಾವಾಗ ಕುಗ್ಗಬೇಕೆಂಬ ಲೆಕ್ಕ ನನ್ನ ಹತ್ತಿರ, ನೋಡುವುದು ಅವರು. ಹೊತ್ತು ಗೊತ್ತಿದ್ದರೆ ಕಣ್ಣು ಸುಳ್ಳು ಹೇಳುತ್ತದೆ, ನನಗೆ ತಿಳಿಸಲೇಬೇಡ ಎಂದು ಅವರ ಕಟ್ಟಪ್ಪಣೆ. ಜೋಡಿಯ ಮೇಲೇ ಕಣ್ಣು ನೆಟ್ಟು, ಪಕ್ಕದ ನಕ್ಷತ್ರವನ್ನು ಓರೆಗಣ್ಣಲ್ಲಿ ಹೋಲಿಸಿ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಈ ವರ್ಷ ಹೊತ್ತಲ್ಲದ ಹೊತ್ತಲ್ಲಿ ಮಂಕಾಯಿತು ಅನ್ನತೊಡಗಿದರು. ನನ್ನ ಲೆಕ್ಕಕ್ಕೆ ಇದು ಕೂಡುತ್ತಿಲ್ಲ ಅಂದೆ. ಹಾಗಾದರೆ ನಕ್ಷತ್ರದ ನಡೆಯೇ ಬದಲಾಗಿದೆ, ಮೊದಲು ಕಂಡವನು ನಾನೇ ಎಂದು ಮಗುವಿನ ಹಾಗೆ ಕುಣಿದರು. ನಾನೂ ಹಿಗ್ಗಿ ಸಿಹಿ ಮಾಡಿದೆ ಕಣೇ, ಪೆದ್ದಿ! ಅತ್ತ ಅಂಗಡಿಯಲ್ಲಿ ರಿಪೇರಿಗೆ ಬಂದ ವಾಚುಗಳ ಸ್ಕ್ರೂಗಳು ಕೈತಪ್ಪುತ್ತಿದ್ದವು. ಈಗಿನ ಸ್ಕ್ರೂಗಳೇ ಸರಿಯಿಲ್ಲವೆಂದು ಬೈದುಕೊಂಡರು.

ಕೊನೆಗೆ ನಾನೇ ಎಳೆದುಕೊಂಡು ಹೋದೆ. ಡಾಕ್ಟರು ನೋಡಿ, ಬಲಗಣ್ಣಿನೊಳಗೆ ಕ್ಯಾನ್ಸರ್ ಗಡ್ಡೆಯಿದೆ, ನೇರ ನೋಡಿದ್ದು ಮಂಕಾಗುವುದು ಅದರಿಂದಲೇ, ಕಣ್ಣನ್ನೇ ತೆಗೆಯಬೇಕು ಅಂದರು. ಎಡಗಣ್ಣು ಹುಟ್ಟಿನಿಂದಲೇ ಮಂದ. ಬಲಗಣ್ಣನ್ನೂ ತೆಗೆದರೆ ಅವರಿಗೆ ಉಳಿಯುವುದೇನು ಹೇಳು. ನನ್ನ ಕಣ್ಣು ಸರಿಯಿದೆ, ಮಂಕಾಗಿರುವುದು ನಕ್ಷತ್ರ ಎಂದು ಎದ್ದು ಬಂದುಬಿಟ್ಟರು. ಹಿಡಿದ ಮೊಲಕ್ಕೆ ಮೂರೇ ಕಾಲು. ಬೇಡಿಕೊಂಡೆ, ಕಣ್ಣೀರಿಟ್ಟೆ, ಊಟ ಬಿಟ್ಟೆ; ಎಲ್ಲಾ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಈಗ ಗಡ್ಡೆ ಲಿವರಿಗೂ ಹಬ್ಬಿದೆ. ಡಾಕ್ಟರು ಕೈಚೆಲ್ಲಿದ್ದಾರೆ. ಒಮ್ಮೊಮ್ಮೆ ಈ ಮನುಷ್ಯನ ಮೇಲೆ ಎಂಥ ಸಿಟ್ಟು ಬರುತ್ತದೆ ಗೊತ್ತಾ? ಆಮೇಲೆ ತಲೆದಿಂಬು ಸರಿಮಾಡುತ್ತೇನೆ. ಬೇಗ ಹೊರಟು ಬಾ ತಾಯಿ, ಆಮೇಲೆ ಬಂದು ಪ್ರಯೋಜನವಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ತಾ.ಕ.: ನಿನ್ನೆ ಕತ್ತಲಾದ ಮೇಲೆ ಹಟ ಹಿಡಿದರು, ತೋಳು ಹಿಡಿದು ತಾರಸಿಗೆ ಹತ್ತಿಸಿದೆ. ಅವರಿಗೆ ಏನೂ ಕಾಣಲಿಲ್ಲ. ನೀನೇ ನೋಡಿ ಹೇಳು ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಕಣ್ಣಿಟ್ಟೆ. ನಕ್ಷತ್ರ ಫಳಫಳ ಹೊಳೆಯುತ್ತಿತ್ತು. ಮಂಕಾಗಿದೆ ಕಣ್ರೀ, ನೀವು ಹೇಳಿದ್ದೇ ನಿಜ ಅಂದೆ. ನಾನು ಹೇಳಿರಲಿಲ್ಲವಾ ಎಂದು ನಕ್ಕರು. ಬಂದರೆ ನಿನ್ನನ್ನೂ ಕೇಳುತ್ತಾರೆ. ನೀನು ಅಪ್ಪನ ಮಗಳು, ಕಂಡದ್ದನ್ನು ಕಂಡ ಹಾಗೇ ಹೇಳುವವಳು. ಇದೊಂದು ಸಲ ಬೇಡ ಪುಟ್ಟಿ.