ಅಮ್ಮನ ಎದುರಿಗೆ ಕೇಳಿದ ಪ್ರಶ್ನೆ

ಆರೋಗ್ಯ ಸಮೀಕ್ಷಾ ಕಚೇರಿಯ ಅಧಿಕಾರಿಗಳಿಗೆ,

ನಮಸ್ಕಾರ. ಅಮ್ಮನಿಗೆ ಸ್ನಾನ ಮಾಡಿಸಲು ಬರುತ್ತಿದ್ದ ಸರ್ಕಾರಿ ಆಯಾ ಇನ್ನು ಬರುವುದಿಲ್ಲವಂತೆ. ನಮ್ಮ ಬೀದಿಗೆ ಅಗತ್ಯವಿಲ್ಲವೆಂದು ನಿಮ್ಮ ಅಂಕಿಅಂಶ ಹೇಳಿದೆಯಂತೆ.

ಸಮೀಕ್ಷೆಗೆ ಬಂದ ಹುಡುಗಿಯದೇನೂ ತಪ್ಪಿಲ್ಲ. ಅವಳು ಬರುತ್ತಾಳೆಂದು ಅಮ್ಮ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದಳು. "ನನಗೇನಾಗಿದೆಯಮ್ಮ, ಗುಂಡುಕಲ್ಲಿನ ಹಾಗಿದ್ದೀನಿ. ನನ್ನ ಕೆಲಸ ನಾನೇ ಮಾಡ್ಕೋತೀನಿ" ಎಂದಳು. ಹುಡುಗಿ ನನ್ನ ಕಡೆ ತಿರುಗಿ, "ಇವರನ್ನ ನೋಡ್ಕೊಳ್ಳೋದು ನಿಮಗೆ ಕಷ್ಟ ಆಗ್ತಿದೆಯಾ ಅಕ್ಕಾ?" ಎಂದು ಕೇಳಿದಳು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲವೆಂದೆ. ಬೀದಿಯವರೆಲ್ಲ ಹಾಗೇ ಹೇಳಿರಬೇಕು. ಮಂಚದ ಪಕ್ಕದಲ್ಲಿ ನಿಂತು ಬೇರೇನು ತಾನೇ ಹೇಳಲಾಗುತ್ತದೆ?

ಒಬ್ಬಳೇ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿದೆ. ನಿನ್ನೆ ಬಚ್ಚಲಲ್ಲಿ ಇಬ್ಬರೂ ಜಾರಿಬಿದ್ದು, ಏಳಲಾಗದೆ ಹಾಗೇ ಕೂತಿದ್ದೆವು. "ಯಾರಿಗೂ ಹೇಳಬೇಡ ಕಣೇ" ಎಂದಳು ಅಮ್ಮ.

ಮುಂದಿನ ಸಮೀಕ್ಷೆ ಐದು ವರ್ಷದ ಮೇಲೆ, ಅಲ್ಲಿಯವರೆಗೆ ಏನೂ ಬದಲಾಗದು ಎಂದು ನಿಮ್ಮ ಗುಮಾಸ್ತರು ಹೇಳಿದರು. ಅಷ್ಟರಲ್ಲಿ ನಮ್ಮಿಬ್ಬರಲ್ಲಿ ಯಾರಿರುತ್ತಾರೋ ಯಾರಿಲ್ಲವೋ. ಆಗಲಾದರೂ ಆ ಪ್ರಶ್ನೆಯನ್ನು ಹೊಸ್ತಿಲಾಚೆ ಕರೆದು ಕೇಳಲು ಹೇಳಿ.

ಉತ್ತರ ಬರೆಯುವುದಾದರೆ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆಯಿರಿ. ಮನೆಗೆ ಬಂದ ಕಾಗದವನ್ನೆಲ್ಲ ಅಮ್ಮ ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಾಳೆ.

ಇಂತಿ,
ಕಷ್ಟವಿಲ್ಲವೆಂದು ಹೇಳಿದ ಮಗಳು