ಪಾರ್ಟಿಝಾನಿನ ಹೋಮ್ ಮ್ಯಾಚ್

ತೌಸೀಫ್,

ನಿನಗೆ ಪತ್ರ ಬರೆಯುವಷ್ಟು ಪುರುಸೊತ್ತು ನನಗಿಲ್ಲ, ಇದನ್ನು ಕಳಿಸುವುದೂ ಇಲ್ಲ. ಥುಕ್ಬಾ ಪೇಟೆಯ ನಮ್ಮ ಜೆರ್ಸಿ ಪ್ರಿಂಟಿಂಗ್ ಅಂಗಡಿಯಲ್ಲಿ ಎದುರಿಗೆ ಒಬ್ಬ ಸರ್ಬಿಯಾದ ಇಂಜಿನಿಯರ್ ಕೂತಿದ್ದಾನೆ. ನಾನು ಆರ್ಡರ್ ಬರೆಯುತ್ತಿದ್ದೇನೆ ಅಂತ ಅವನಿಗೆ ಕಾಣಬೇಕು, ಅಷ್ಟೇ.

ಮಗನ ಜೆರ್ಸಿಗೆ ಹೆಸರು ಪ್ರಿಂಟ್ ಮಾಡಿಸಲು ಬಂದಿದ್ದ. ಬಿಡಿಸಿ ನೋಡಿದರೆ ಪಾರ್ಟಿಝಾನ್, ನಿನ್ನದೇ ಬಾಸ್ಕೆಟ್‌ಬಾಲ್ ಕ್ಲಬ್! ನನ್ನ ಬಾಯಿ ಸುಮ್ಮನಿರಬೇಕಲ್ಲ. ಆರು ವರ್ಷ ರೂಮಿನಲ್ಲಿ ಅನ್ನದ ಜೊತೆ ನೀನು ಬಡಿಸಿದ್ದನ್ನೆಲ್ಲ ಅವನ ಮುಂದೆ ಸುರಿದೆ. ಮೂರು ಸಲ ಕೊರಾಚ್ ಕಪ್ ಗೆದ್ದದ್ದು, ಯುದ್ಧದ ವರ್ಷ ತಮ್ಮೂರಲ್ಲಿ ಆಡಲಾಗದೆ ಹೋಮ್ ಮ್ಯಾಚುಗಳನ್ನು ಸ್ಪೇನಿನಲ್ಲಿ ಆಡಿದ್ದು, ತೊಂಬತ್ತೆರಡರಲ್ಲಿ ಇಸ್ತಾಂಬುಲ್‌ನಲ್ಲಿ ಒಂದೇ ಪಾಯಿಂಟಿನಿಂದ ಯುರೋಪಿಗೇ ಚಾಂಪಿಯನ್ ಆದದ್ದು.

ಅವನು ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿ ಮುತ್ತು ಕೊಟ್ಟ. ಎರಡು ಕೆನ್ನೆ ಆಯಿತು, ಮುಗಿಯಿತು ಅಂತ ನಾನು ಮುಖ ತಿರುಗಿಸಿದೆ. ಅವರಲ್ಲಿ ಮೂರಂತೆ ಮಾರಾಯ! ಮೂರನೆಯದು ನನ್ನ ಮೂಗಿಗೆ ಬಿತ್ತು.

"ಇದೆಲ್ಲ ಯಾರು ಹೇಳಿಕೊಟ್ಟರು?" ಅಂದ.

"ನನ್ನ ಪಾರ್ಟ್ನರ್."

"ಎಲ್ಲಿ ಅವರು?"

ಅವತ್ತು ರೂಮಿನಲ್ಲಿ ಊಟದ ಹೊತ್ತಿಗೆ "ಪರದೇಶದಲ್ಲಿ ಆಡಿದ್ದು ಎಂತ ಹೋಮ್ ಮ್ಯಾಚ್" ಅಂತ ನಾನು ಎಲ್ಲರೆದುರು ನಕ್ಕದ್ದು, ನೀನು ತಟ್ಟೆ ಬಿಟ್ಟು ಎದ್ದದ್ದು, ಅದೇ ತಿಂಗಳು ವೀಸಾ ಮುಗಿಸಿ ಎಕ್ಸಿಟ್ ಹೊಡೆಸಿ ಊರಿಗೆ ಹೋದದ್ದು, ಇದನ್ನೆಲ್ಲ ಗಿರಾಕಿಗೆ ಹೇಳುವುದು ಹೇಗೆ? "ಚಹಾ ತರಲು ಹೋಗಿದ್ದಾನೆ, ಈಗ ಬರ್ತಾನೆ" ಅಂದುಬಿಟ್ಟೆ.

ಅವನು ಕುರ್ಚಿ ಎಳೆದು ಕೂತ. ಒಂದು ಗಂಟೆಯಾಯಿತು. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಾನೆ.

ಅವನ ಜೊತೆ ನಾನೂ ಎತ್ತುತ್ತೇನೆ.